ತಾಹುಮುಲ್ಕೊ ಹತ್ತುವ ಮುನ್ನ
ಸಾಂತಾ ಮರಿಯಾ ಜ್ವಾಲಾಮುಖಿ ಹತ್ತುವಾಗ ತಲೆನೋವು, ವಾಂತಿ ಆಯಿತು, ಇನ್ನು ತಾಹುಮುಲ್ಕೊ ಜ್ವಾಲಾಮುಖಿ ಹತ್ತುವ ಮುನ್ನ ಏನು ಮಾಡಲಿ ಎಂದು ಕೇಳಿ ಬರೆದಿದ್ದೀರಿ. ಗ್ವಾಟೆಮಾಲದ ಕೆತ್ಸಾಲ್ತೆನಾಂಗೊ ಪೇಟೆಗೆ ಬಂದ ಮರುದಿನವೇ 3,772 ಮೀಟರಿನ ಸಾಂತಾ ಮರಿಯಾ ಹತ್ತಿದ್ದೀರಿ. ನಿಮ್ಮ ತಲೆನೋವು, ವಾಂತಿಗೆ ಎತ್ತರವೇ ಕಾರಣವಿರಬೇಕು. ನೀರು ಸಾಲದೇ ಹೋದದ್ದೂ ಸೇರಿರಬಹುದು. ನೀವು ಬರೆದಷ್ಟರಿಂದ ಬಿಡಿಸಿ ಹೇಳಲಾರೆ.

ತಾಹುಮುಲ್ಕೊ 4,220 ಮೀಟರ್. ರಾತ್ರಿ ಮಲಗುವುದೂ ಸುಮಾರು 4,000 ಮೀಟರ್ ಎತ್ತರದಲ್ಲಿ. ಹಾಗಾಗಿ ಮೈ ಎತ್ತರಕ್ಕೆ ಒಗ್ಗಲು ಮೊದಲು ಪೇಟೆಯಲ್ಲೇ ಇನ್ನೂ ಮೂರು ರಾತ್ರಿ ಕಳೆಯಿರಿ. ನಡುವೆ ಒಂದು ದಿನ ಚಿಕಬಾಲ್ ಕೆರೆಯವರೆಗೆ ನಿಧಾನವಾಗಿ ನಡೆದು ಬನ್ನಿ. ಕ್ವೆಟ್ಸಾಲ್‌ಟ್ರೆಕ್ಕರ್ಸ್ ಎಂಬ ಚಾರಣ ಸಂಸ್ಥೆಯ ಸ್ವಯಂಸೇವಕರು ಬೆನ್ನುಚೀಲ, ಮಲಗುಚೀಲ ಎರವಲು ಕೊಡುತ್ತಾರೆ, ಕೊಳ್ಳಲು ಓಡಬೇಡಿ. ಆದರೆ ಡೇರೆ, ಊಟದ ಸಾಮಾನನ್ನು ಎಲ್ಲರ ಹೆಗಲಿಗೂ ಹಂಚುತ್ತಾರೆ. ಚೀಲದಲ್ಲಿ ಅದಕ್ಕೆ ಜಾಗ ಬಿಡಿ. ಹಿಂದಿನ ವಾಂತಿಯ ವಿಷಯವನ್ನು ನಾಚಿಕೆಪಡದೆ ಮಾರ್ಗದರ್ಶಿಗೆ ಹೊರಡುವ ಮುನ್ನವೇ ತಿಳಿಸಿ. ಮೇಲೆ ಮತ್ತೆ ತಲೆ ಸಿಡಿಯತೊಡಗಿದರೆ ಮಾತ್ರೆ ನುಂಗಿ ಹತ್ತಬೇಡಿ, ಇಳಿಯಿರಿ.