ಅಜ್ಜನ ದರ್ಶನ ರಕ್ತದಲ್ಲೇ ಬರುತ್ತಾ?

ಪ್ರಶ್ನೆ: ನನ್ನ ಅಜ್ಜ ತರವಾಡಿನ (ಕುಟುಂಬದ ಮೂಲಮನೆಯ) ಭೂತಕ್ಕೆ ಪಾತ್ರಿ. ಅವರಿಗೆ ದರ್ಶನ ಬರುತ್ತಿತ್ತು, ಅಂದರೆ ಭೂತ ಮೈಮೇಲೆ ಬರುತ್ತಿತ್ತು. ಅಪ್ಪ ದೇವಸ್ಥಾನದ ಕಡೆ ತಲೆ ಹಾಕಿದವರಲ್ಲ. ಯಕ್ಷಗಾನ ಅಂದರೆ ಮಾತ್ರ ಊಟ ಮರೆಯುತ್ತಿದ್ದರು. ನನಗೆ ಭಜನೆಗೆ ಕೂತರೆ ಕಣ್ಣು ತುಂಬುತ್ತದೆ. ‘ದೇವರ ಜೀನ್’ ಅಂತ ಒಂದಿದೆಯಂತೆ, ನಿಜವಾ? ಅಥವಾ ಇದೆಲ್ಲ ತಲೆಯೊಳಗಿನ ರಾಸಾಯನಿಕದ ಕೆಲಸವಾ?
– ಓದುಗರು, ಬದಿಯಡ್ಕ

ಉತ್ತರ: ಆ ಹೆಸರು ಕೊಟ್ಟವರು ಅಮೆರಿಕದ ತಳಿವಿಜ್ಞಾನಿ ಡೀನ್ ಹೇಮರ್. 2004ರಲ್ಲಿ ಅದೇ ಹೆಸರಿನ ಪುಸ್ತಕ ಬರೆದರು. ಅವರು ತೋರಿಸಿದ್ದು ವಿಎಂಎಟಿ2 ಎಂಬ ಜೀನನ್ನು. ನರಕೋಶದೊಳಗೆ ಡೋಪಮೈನ್, ಸೆರೊಟೋನಿನ್ ಮುಂತಾದ ಸಂದೇಶವಾಹಕ ರಾಸಾಯನಿಕಗಳನ್ನು ಪುಟ್ಟ ಚೀಲಗಳಿಗೆ ತುಂಬುವ ಪ್ರೋಟೀನ್ ಇದರಿಂದ ತಯಾರಾಗುತ್ತದೆ. ನಮ್ಮ ಕಡೆ ಅಡಿಕೆಯನ್ನು ಗೋಣಿಗೆ ತುಂಬಿಡುತ್ತೇವಲ್ಲ, ಹಾಗೆ. ಈ ಜೀನಿನ ಒಂದು ಬಗೆ ಇದ್ದವರಿಗೆ ಒಂದು ಪ್ರಶ್ನಾವಳಿಯಲ್ಲಿ ಅಂಕ ಸ್ವಲ್ಪ ಜಾಸ್ತಿ ಬಂತು, ಅಷ್ಟೆ. ಆ ‘ಸ್ವಲ್ಪ’ ತೀರಾ ಸ್ವಲ್ಪ. ಇದೊಂದೇ ಜೀನ್ ಅಲ್ಲ ಎಂದು ಹೇಮರ್ ಅವರೇ ಒಪ್ಪಿದ್ದಾರೆ. ಪುಸ್ತಕದ ಹೆಸರು ಮಾತ್ರ ಮಾರಾಟಕ್ಕೆ ಚೆನ್ನಾಗಿತ್ತು!

ಆ ಪ್ರಶ್ನಾವಳಿ ಮನೋವೈದ್ಯ ರಾಬರ್ಟ್ ಕ್ಲೋನಿಂಜರ್ ಅವರದು. ಅದು ದೇವಸ್ಥಾನಕ್ಕೆ ಹೋಗ್ತೀರಾ ಅಂತ ಕೇಳುವುದಿಲ್ಲ. ಒಂದು ಕೆಲಸದಲ್ಲಿ ಮುಳುಗಿ ಹೊತ್ತು ಮರೆಯುವುದು, ಸುತ್ತಲಿನ ಎಲ್ಲದರ ಜೊತೆ ತಾನೂ ಒಂದು ಅನ್ನಿಸುವುದು, ಇಂಥದ್ದನ್ನು ಅಳೆಯುತ್ತದೆ. ಹಾಗೆ ನೋಡಿದರೆ ಯಕ್ಷಗಾನ ನೋಡುತ್ತಾ ಊಟ ಮರೆಯುವ ನಿಮ್ಮ ಅಪ್ಪನಿಗೂ ಒಳ್ಳೆಯ ಅಂಕವೇ ಬರಬಹುದು, ಅಲ್ವಾ?

ಅವಳಿ ಮಕ್ಕಳ ಅಧ್ಯಯನಗಳೂ ಹೀಗೇ ಹೇಳುತ್ತವೆ. ಮೈಮರೆಯುವ ಸ್ವಭಾವ ಒಂದಷ್ಟು ಹುಟ್ಟಿನಿಂದ ಬರುತ್ತದೆ. ಯಾವ ದೇವರು, ಯಾವ ಪೂಜೆ ಅನ್ನುವುದನ್ನು ಹೆಚ್ಚಾಗಿ ಮನೆ, ಊರು ಕಲಿಸುತ್ತವೆ.

ಇನ್ನು ರಾಸಾಯನಿಕ. 1962ರ ಗುಡ್ ಫ್ರೈಡೇ ದಿನ ಬಾಸ್ಟನ್‌ನಲ್ಲಿ ವಾಲ್ಟರ್ ಪಾಂಕೆ ಎಂಬವರು ದೇವಶಾಸ್ತ್ರದ 20 ವಿದ್ಯಾರ್ಥಿಗಳನ್ನು ಚಾಪೆಲ್‌ನಲ್ಲಿ ಕೂರಿಸಿದರು. ಹತ್ತು ಮಂದಿಗೆ ಕೆಲವು ಅಣಬೆಗಳಲ್ಲಿರುವ ಸಿಲೋಸೈಬಿನ್, ಉಳಿದವರಿಗೆ ಒಂದು ವಿಟಮಿನ್. ಸಿಲೋಸೈಬಿನ್ ತೆಗೆದುಕೊಂಡವರಲ್ಲಿ ಹೆಚ್ಚಿನವರಿಗೆ ಗಾಢ ಆಧ್ಯಾತ್ಮಿಕ ಅನುಭವ ಆಯಿತು. ಅಂದರೆ ಇಂಥ ಅನುಭವಕ್ಕೆ ಮಿದುಳಲ್ಲಿ ದಾರಿ ಇದೆ. ಆದರೆ ಅವರು ಕೂತಿದ್ದು ಪ್ರಾರ್ಥನೆಯ ನಡುವೆ, ಹಬ್ಬದ ದಿನ. ಅದನ್ನು ಬಿಟ್ಟು ಬರೀ ಔಷಧದ ಲೆಕ್ಕ ಹೇಳುವುದು ನನಗೆ ಸರಿ ಕಾಣುವುದಿಲ್ಲ. (ನೀವಾಗಿ ಪ್ರಯೋಗ ಮಾಡಬೇಡಿ. ಅಪಾಯ ಇದೆ, ನಮ್ಮ ದೇಶದಲ್ಲಿ ಅಪರಾಧವೂ ಹೌದು.)

ನಿಮ್ಮ ಅಜ್ಜನ ವಿಷಯವೂ ಅಷ್ಟೆ. ವ್ರತ, ನಿದ್ದೆಗೆಟ್ಟ ರಾತ್ರಿ, ತೆಂಬರೆ ವಾದ್ಯದ ಪೆಟ್ಟು, ಎದುರಲ್ಲಿ ಕೈಮುಗಿದು ನಿಂತ ಊರು. ಇವೆಲ್ಲ ಸೇರಿ ಮೈಯನ್ನು ಬದಲಿಸುತ್ತವೆ. ಅದೇ ಅಜ್ಜ ಮುಂಬೈಯ ಫ್ಲ್ಯಾಟ್‌ನಲ್ಲಿ ಬೆಳೆದಿದ್ದರೆ ಪಾತ್ರಿ ಆಗುತ್ತಿದ್ದರಾ?

ಒಂದು ಮಾತು ವೈದ್ಯನಾಗಿ. ಭಜನೆಯಲ್ಲಿ ಕಣ್ಣೀರು ಬಂದರೆ ಚಿಂತೆ ಬೇಡ. ಆದರೆ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು, ನಾಲಿಗೆ ಕಚ್ಚಿಕೊಳ್ಳುವುದು, ನಂತರ ನಡೆದದ್ದು ನೆನಪಿಲ್ಲದಿರುವುದು ಇದ್ದರೆ ಅದು ಅಪಸ್ಮಾರ (ಫಿಟ್ಸ್) ಇರಬಹುದು. ಹೇಗೂ ನಾವೆಲ್ಲ ಆಸ್ಪತ್ರೆಗೆ ಮಂಗಳೂರಿಗೆ ಓಡುವವರೇ. ತಡಮಾಡದೆ ಅಲ್ಲಿ ನರರೋಗ ತಜ್ಞರಿಗೆ ತೋರಿಸಿ.