ಒಂದೇ ವಯಸ್ಸಿನ ಇಬ್ಬರು, ಅಜಗಜಾಂತರದ ಆದಾಯ

ಪ್ರಶ್ನೆ: ನಿವೃತ್ತ ಪ್ರೌಢಶಾಲಾ ಶಿಕ್ಷಕರಾದ ನನ್ನ ತಂದೆಯವರಿಗೆ ಪಿಂಚಣಿ ತಪ್ಪದೆ ಬರುತ್ತದೆ. ನಮ್ಮ ಗದ್ದೆಯಲ್ಲಿ ನಲವತ್ತು ವರ್ಷ ನಾಟಿ ಮಾಡಿದ, ಅವರದೇ ವಯಸ್ಸಿನ ದಲಿತ ಅಜ್ಜಿಗೆ ಸಿಗುವುದು ವೃದ್ಧರಿಗೆಂದಿರುವ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನ 1,200 ರೂಪಾಯಿ. ‘ದುಡಿಯುವಾಗ ಉಳಿಸಲಿಲ್ಲ’ ಎಂದು ಮನೆಯವರು ಹೇಳುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಉಳಿಸಬೇಕಾದರೆ ಉಂಡು ಮಿಗಬೇಕು. ಆ ಅಜ್ಜಿಗೆ ಏಕೆ ಮಿಗಲಿಲ್ಲ ಎಂಬುದನ್ನು ಮೊದಲು ನೋಡಬೇಕು.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ನಿಮ್ಮ ಭಾಗದ ಎರೆಭೂಮಿಗೆ ಬೆಲೆ ಬಂದಿತು. ಆಂಧ್ರದಿಂದ ಬಂದವರು ಭೂಮಿ ಕೊಂಡು ‘ಕ್ಯಾಂಪು’ ಎಂಬ ವಸತಿಗಳನ್ನು ಕಟ್ಟಿಕೊಂಡರು, ಪಹಣಿಯಲ್ಲಿ ಹೆಸರಿದ್ದ ಸ್ಥಳೀಯರಲ್ಲಿ ಕೆಲವರು ಬೆಳೆದರು, ಕೆಲವರು ಅಗ್ಗಕ್ಕೆ ಮಾರಿ ಕೈಸುಟ್ಟುಕೊಂಡರು. ಭೂಮಿಯೇ ಇಲ್ಲದ ಕೇರಿಯ ಮನೆಗಳಿಗೆ ಆ ನೀರಿನಿಂದ ಬಂದದ್ದು ಕೂಲಿ ಮಾತ್ರ. ಅದರಲ್ಲಿಯೂ, ಸಮಾನ ಸಂಭಾವನೆಯ ಕಾಯ್ದೆ 1976ರಲ್ಲಿಯೇ ಬಂದಿದ್ದರೂ, ಹೆಣ್ಣಾಳಿಗೆ ಒಂದು ದರ, ಗಂಡಾಳಿಗೆ ಇನ್ನೊಂದು ದರ ಎಂಬ ರೂಢಿ ಹೊಲದಲ್ಲಿ ಮುಂದುವರಿಯಿತು.

ನಿಮ್ಮ ತಂದೆಯವರ ಪಿಂಚಣಿಗೆ ತುಟ್ಟಿಭತ್ಯೆ ಸೇರುವುದರಿಂದ ಬೆಲೆ ಏರಿದಂತೆ ಅದೂ ಏರುತ್ತದೆ. ಅಜ್ಜಿಯ ಮಾಸಾಶನ ಸರ್ಕಾರ ಮನಸ್ಸು ಮಾಡಿದರಷ್ಟೇ ಏರುತ್ತದೆ. ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ 80 ತುಂಬದವರಿಗೆ ಕೇಂದ್ರ ಕೊಡುವ ಪಾಲಂತೂ ಸುಮಾರು ಎರಡು ದಶಕಗಳಿಂದ 200 ರೂಪಾಯಿಯಲ್ಲಿಯೇ ನಿಂತಿದೆ.

ನಿಮ್ಮ ತಾಯಿಯವರ ಸ್ಥಿತಿಯನ್ನೂ ಒಮ್ಮೆ ಯೋಚಿಸಿ. ಅವರಿಗೆ ಸ್ವಂತ ವರಮಾನವಿಲ್ಲದಿದ್ದರೆ, ಮುಂದೊಂದು ದಿನ ಕುಟುಂಬ ಪಿಂಚಣಿಯಾಗಿ ಬರುವುದು ಪತಿಯ ಕೊನೆಯ ಮೂಲವೇತನದ ಶೇಕಡ 30ರಷ್ಟು. ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಸಿಕ್ಕಿದ್ದು 1994ರಲ್ಲಿ; ಅದಕ್ಕೂ ಮೊದಲೇ ಮದುವೆಯಾಗಿ ಹೋದವರು ಅದರಿಂದ ಹೊರಗುಳಿದರು. ಇನ್ನು ಎಳವೆಯಲ್ಲಿಯೇ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ದಲಿತ ಮಹಿಳೆಯರಿಗೆ ಗಂಡನ ಹೆಸರಿನ ಯಾವ ಆಸರೆಯೂ ಇಲ್ಲ. ಆ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತಾದರೂ, ಅವರಿಗೆಂದು ಬಂದ ಮಾಸಾಶನಕ್ಕೆ 1993–94 ಮತ್ತು 2007–08ರ ಸಮೀಕ್ಷೆಯ ಪಟ್ಟಿಯಲ್ಲಿ ಹೆಸರಿರಬೇಕೆಂಬ ನಿಯಮ ಎಷ್ಟೋ ಜನರನ್ನು ದೂರವಿಟ್ಟಿತು.

ಕೈಗೆ ಬರುವ ಆ 1,200 ರೂಪಾಯಿಗೂ ತೊಡಕುಗಳಿವೆ. ಕೆಸರಿನಲ್ಲಿ ಸಸಿ ಊರಿ ಸವೆದ ಹೆಬ್ಬೆಟ್ಟಿನ ಗೆರೆಯನ್ನು ಯಂತ್ರ ಗುರುತಿಸುವುದಿಲ್ಲ. ಅಜ್ಜಿ ಸೆರಗಿನಿಂದ ಬೆರಳು ಒರೆಸಿ, ಮತ್ತೆ ಒತ್ತಿ, ‘ನಾಳೆ ಬಾ’ ಎನ್ನಿಸಿಕೊಂಡು ಮರಳುತ್ತಾರೆ. ಶಾಲೆಯ ಮುಖ ನೋಡದವರ ಆಧಾರ್‌ನಲ್ಲಿ ಯಾರೋ ಅಂದಾಜಿನಿಂದ ಬರೆಸಿದ ಜನ್ಮವರ್ಷವಿರುತ್ತದೆ, ಅದರ ಪ್ರಕಾರ 65 ತುಂಬದಿದ್ದರೆ ಸಂಧ್ಯಾ ಸುರಕ್ಷಾ ಸಿಗುವುದಿಲ್ಲ. ಕೇರಿಯಲ್ಲಿ ಅಂಥವರು ಇನ್ನೂ ಇದ್ದರೆ, ನಾಡಕಚೇರಿಯಲ್ಲಿ ಅರ್ಜಿ ಹಾಕಿಸುವ ಮುನ್ನ ಆ ವರ್ಷವನ್ನು ತಿದ್ದಿಸಲು ನಿಮ್ಮ ಮನೆಯವರೇ ಜೊತೆಗೆ ಹೋಗಿ ನಿಲ್ಲಬಹುದು.