ಅದು ಸಿಟ್ಟಲ್ಲ, ರೋಸಿಹೋಗಿರುವುದು

ಪ್ರಶ್ನೆ: ಗುಂಡಿ ರಸ್ತೆ, ಟ್ರಾಫಿಕ್, ಟ್ಯಾಂಕರ್ ನೀರು ನೆನೆಸಿಕೊಂಡರೆ ಮೈ ಉರಿಯುತ್ತದೆ. ಆದರೂ ಮತದಾನದ ದಿನ ಏಳಲು ಮನಸ್ಸೇ ಬರಲ್ಲ. ಸಿಟ್ಟಿದ್ದವರು ಓಡಿಹೋಗಿ ಮತ ಹಾಕಬೇಕಲ್ವಾ?
– ಓದುಗರು, ವಿಜಯನಗರ

ಪ್ರತಿ ಚುನಾವಣೆಗೂ ಇದೇ ಪ್ರಶ್ನೆ. ಪ್ರತಿ ಸಲವೂ ಯಾರೋ ಟಿವಿಯಲ್ಲಿ ಕೂತು "ಬೆಂಗಳೂರಿನವರು ಸೋಮಾರಿಗಳು" ಅಂತ ಬೈಯುತ್ತಾರೆ. ಕೇಳಿ ಕೇಳಿ ನನಗೂ ಸಾಕಾಗಿದೆ.

ನಿಮಗಿರುವುದು ಸಿಟ್ಟಲ್ಲ. ಸಿಟ್ಟು ಬರಬೇಕಾದರೆ ಬೆರಳು ತೋರಿಸಲು ಒಬ್ಬರು ಬೇಕು, ನನ್ನ ಕೈಲಿ ಏನಾದರೂ ಆದೀತು ಎಂಬ ಧೈರ್ಯವೂ ಬೇಕು. ಎರಡೂ ಇದ್ದರೆ ಅದು ಜನರನ್ನು ಮತಗಟ್ಟೆಗೆ ಎಳೆದು ತರುತ್ತದೆ.

ಮೊನ್ನೆ ಮಳೆ ನಿಂತ ಮೇಲೆ ನಮ್ಮ ರಸ್ತೆಯ ಟೀ ಅಂಗಡಿ ಮುಂದೆ ಒಬ್ಬರ ಸ್ಕೂಟರ್ ಗುಂಡಿಗೆ ಇಳಿಯಿತು. ಮೊಣಕಾಲವರೆಗೆ ಕೆಸರು. ರಸ್ತೆ ಅಗೆದವರಿಗೆ ಬೈದರು, ಟಾರು ಹಾಕಿದವರಿಗೆ ಬೈದರು. ಟೀ ಲೋಟ ಕೈಗೆ ಬರುವ ಹೊತ್ತಿಗೆ, "ಬಿಡಿ ಸಾರ್, ಯಾರು ಬಂದ್ರೂ ಅಷ್ಟೇ" ಎಂದರು. ಸಿಟ್ಟು ಅಲ್ಲಿಗೆ ಆರಿತು. ಉಳಿದದ್ದು ಬೇಸರ. ಅದು ಜನರನ್ನು ಮನೆಯಲ್ಲೇ ಕೂರಿಸುತ್ತದೆ.

2023ರ ವಿಧಾನಸಭೆ ಚುನಾವಣೆಯಲ್ಲಿ ರಾಜ್ಯದಲ್ಲಿ ಶೇ 73ರಷ್ಟು ಮತದಾನ. ಬೆಂಗಳೂರಿನಲ್ಲಿ ಶೇ 54ರ ಆಸುಪಾಸು. ಎಲ್ಲದಕ್ಕೂ ಬೇಸರವೇ ಕಾರಣ ಅನ್ನಲ್ಲ. ಮನೆ ಬದಲಿಸಿದ ಎಷ್ಟೋ ಜನರ ಹೆಸರು ಹಳೇ ವಿಳಾಸದಲ್ಲೇ ಕೂತಿರುತ್ತದೆ.

ನಿಮ್ಮ ಗುಂಡಿಗೆ ಯಾರು ಹೊಣೆ ಅಂತ ಮೊದಲು ಪತ್ತೆ ಮಾಡಿ. ಗಲ್ಲಿ ರಸ್ತೆಯ ಗುಂಡಿ ಮುಚ್ಚುವುದು ಸಂಸದರ ಕೆಲಸ ಅಲ್ಲ. ಆ ಸಿಟ್ಟನ್ನು ಲೋಕಸಭೆ ಚುನಾವಣೆಯಲ್ಲಿ ತೀರಿಸಿಕೊಳ್ಳಬೇಡಿ. ಇನ್ನೊಂದು ಮಾತು. ನಿಜವಾಗಿ ಸಿಟ್ಟು ಬಂದವರು ಹೊಸದೇನನ್ನೂ ಓದಲು ಹೋಗಲ್ಲ, ಮೊದಲೇ ನಂಬಿದ್ದನ್ನೇ ಗಟ್ಟಿ ಮಾಡಿಕೊಳ್ಳುತ್ತಾರೆ. ತಲೆ ಕಾದ ದಿನ ನಾನಂತೂ ಯಾವ ಅಭ್ಯರ್ಥಿಯ ಬಗ್ಗೆಯೂ ತೀರ್ಮಾನ ಮಾಡಲ್ಲ.

ಪ್ರಶ್ನೆ: ಅಪ್ಪ ಇಡೀ ದಿನ ವಾಟ್ಸ್‌ಆ್ಯಪ್‌ನಲ್ಲಿ ಹೆದರಿಸುವ ವಿಡಿಯೊ ನೋಡುತ್ತಾರೆ. ಏನು ಮಾಡಲಿ?

ಭಯ ಬಿದ್ದವರು ಜಾಸ್ತಿ ಹುಡುಕುತ್ತಾರೆ. ಆದರೆ ಹೆದರಿಸುವ ಸುದ್ದಿಯೇ ಕಣ್ಣಿಗೆ ಬೀಳುತ್ತದೆ. ವಾದಕ್ಕೆ ಇಳಿಯಬೇಡಿ. ವಿಡಿಯೊ ಯಾವ ಊರಿನದು, ಯಾವ ವರ್ಷದ್ದು ಅಂತ ಅವರ ಜೊತೆ ಕೂತು ಹುಡುಕಿ.

ಪ್ರಶ್ನೆ: ಮತದಾರರ ಸುಪ್ತ ಮನಸ್ಸು ಓದಲು ಎರಡೇ ದಿನದಲ್ಲಿ ಕಲಿಸುತ್ತಾರಂತೆ. ಸೇರಬಹುದಾ?

ದುಡ್ಡು ಉಳಿಸಿ. ಗಿಳಿಶಾಸ್ತ್ರದವರು ಇನ್ನೂ ಕಡಿಮೆಗೆ ಹೇಳುತ್ತಾರೆ.

ಪ್ರಶ್ನೆ: ನೋಟಾಗೇ ಜಾಸ್ತಿ ಮತ ಬಂದರೆ ಮರುಚುನಾವಣೆ ಅಲ್ವಾ?

ಲೋಕಸಭೆ, ವಿಧಾನಸಭೆಗೆ ಇಲ್ಲ. ಉಳಿದವರಲ್ಲಿ ಜಾಸ್ತಿ ಮತ ಪಡೆದವರೇ ಗೆಲ್ಲುತ್ತಾರೆ. 2013ರಲ್ಲಿ ನೋಟಾ ಬಂದಾಗಿನಿಂದ ಇದನ್ನೇ ಹೇಳುತ್ತಿದ್ದೇನೆ.